ಮುತ್ತಿನ ಸರದ ಗಿಡಕ್ಕೆ ಎಷ್ಟು ಬಿಸಿ, ಎಷ್ಟು ತೇವ?

ಹಸಿರು ಬಟಾಣಿ ಪೋಣಿಸಿ ಇಳಿಬಿಟ್ಟಂತೆ ಕಾಣುವ ಈ ಗಿಡವನ್ನು ನರ್ಸರಿಗಳಲ್ಲಿ ಸ್ಟ್ರಿಂಗ್ ಆಫ್ ಪರ್ಲ್ಸ್ ಅಂತ ಮಾರುತ್ತಾರೆ. ಸಸ್ಯಶಾಸ್ತ್ರದ ಹೆಸರು ಕ್ಯೂರಿಯೋ ರೌಲಿಯಾನಸ್. ಚೀಟಿಯಲ್ಲಿ ಸೆನೆಸಿಯೋ ಅಂತಿದ್ದರೆ ಗಾಬರಿ ಬೇಡ, ಅದು ಹಳೆಯ ಹೆಸರು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದನ್ನು ಕೊಲ್ಲುವುದು ಏಪ್ರಿಲ್ ಬಿಸಿಲಿಗಿಂತ ಹೆಚ್ಚಾಗಿ ಸೆಪ್ಟೆಂಬರ್–ಅಕ್ಟೋಬರ್ ಮಳೆಯ ತೇವ. ಬೇಸಿಗೆಯಲ್ಲಿ ಸೊರಗಿದ ಗಿಡ ಚೇತರಿಸಿಕೊಳ್ಳುತ್ತದೆ, ಮಳೆಗಾಲದಲ್ಲಿ ಕೊಳೆತದ್ದು ಏಳುವುದಿಲ್ಲ.

ಇದರ ತವರು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್. ಅಲ್ಲಿ ಇದು ನೇತಾಡುವುದಿಲ್ಲ. ಒಣ ನೆಲದ ಮೇಲೆ, ಪೊದೆ ಮತ್ತು ಬಂಡೆಗಳ ನೆರಳಲ್ಲಿ ಹರಡಿಕೊಂಡು, ಗೆಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ. ಆಳದ ಕುಂಡದಲ್ಲಿ ಕೆಳಗಿನ ಮಣ್ಣನ್ನು ಕುಡಿಯುವವರೇ ಇಲ್ಲದೆ ಅದು ವಾರಗಟ್ಟಲೆ ಒದ್ದೆಯಾಗಿ ಉಳಿಯುವುದು ಇದಕ್ಕೇ.

ಹಗಲು 20ರಿಂದ 27 ಡಿಗ್ರಿ ಸೆಲ್ಸಿಯಸ್, ರಾತ್ರಿ 13ರಿಂದ 18 ಇದ್ದರೆ ಗಿಡ ಚೆನ್ನಾಗಿ ಬೆಳೆಯುತ್ತದೆ. ನೆರಳಿನಲ್ಲಿದ್ದರೆ 32ರವರೆಗೂ ತಡೆಯುತ್ತದೆ. 35 ದಾಟಿದರೆ ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಕೂರುತ್ತದೆ. ಆಗ ಬೇರು ನೀರು ಎಳೆಯುವುದು ಕಡಿಮೆ, ಹಾಗಾಗಿ ಬಿಸಿಲು ಜಾಸ್ತಿ ಅಂತ ನೀರು ಜಾಸ್ತಿ ಮಾಡಿದರೆ ಬೇರು ಬೇಯುತ್ತದೆ. ಈ ಜಾತಿಯ ರಸಭರಿತ ಗಿಡಗಳು ಎಲೆಯ ರಂಧ್ರಗಳನ್ನು ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ರಾತ್ರಿಯೂ ಸೆಕೆ ಇಳಿಯದಿದ್ದರೆ ಅದಕ್ಕೆ ಹಗಲಿನ ಬಿಸಿಗಿಂತ ಕಷ್ಟ. ಬಯಲುಸೀಮೆಯ ನಮ್ಮ ಎತ್ತರದ ನೆಲದಲ್ಲಿ ಬೇಸಿಗೆಯ ರಾತ್ರಿಯೂ ತಕ್ಕಮಟ್ಟಿಗೆ ತಣಿಯುವುದು ದೊಡ್ಡ ಅನುಕೂಲ. ಪಾವಗಡ, ಶಿರಾ ಕಡೆಯವರಿಗೆ ಆ ಭಾಗ್ಯ ಕಡಿಮೆ.

ಚಳಿಯ ಚಿಂತೆ ಬೇಡ. ಡಿಸೆಂಬರ್–ಜನವರಿಯ 12, 13 ಡಿಗ್ರಿ ಇದಕ್ಕೆ ಹಿತವೇ. 5ಕ್ಕಿಂತ ಕೆಳಗಿಳಿದರೆ ಮಾತ್ರ ಪೆಟ್ಟು.

ಬೇಸಿಗೆಯಲ್ಲಿ ಕುಂಡ ತೂಗುಹಾಕುವ ಎತ್ತರ ನೋಡಿ. ಮೇಲಿನ ಮಹಡಿಯ ಆರ್‌ಸಿಸಿ ಚಾವಣಿ ಸಂಜೆಯವರೆಗೂ ಕಾವು ಕಾರುತ್ತದೆ, ಬಿಸಿ ಗಾಳಿಯೂ ಅಲ್ಲೇ ಸೇರುತ್ತದೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಸರಪಳಿಯನ್ನು ಎರಡಡಿ ಉದ್ದ ಮಾಡಿ ಕೆಳಗಿಳಿಸಿ. ಶೀಟಿನ ಮನೆಯಾದರೆ ತೂಗುಹಾಕುವುದೇ ಬೇಡ, ಕಿಟಕಿ ಪಕ್ಕ ಸ್ಟೂಲಿನ ಮೇಲಿಡಿ. ಬೆಳಗಿನ ಬಿಸಿಲು 9 ಗಂಟೆಯವರೆಗೆ ಬೀಳಲಿ, ಪಡುವಣ ಕಿಟಕಿ ಬೇಡ. ಕೆಳಗಿಳಿಸಿದರೆ ಇನ್ನೊಂದು ಲಾಭವೂ ಉಂಟು: ಕುಂಡದ ನೆತ್ತಿಗೆ ಬೆಳಕು ಸಿಗುತ್ತದೆ. ನೆತ್ತಿ ಬೋಳಾಗಿ ಸರ ಮಾತ್ರ ನೇತಾಡುವ ಗಿಡಗಳಲ್ಲಿ ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ.

ಇನ್ನು ಗಾಳಿಯ ತೇವಾಂಶ. ಶೇ 30ರಿಂದ 50 ಸಾಕು. 60 ಆದರೂ ಗಾಳಿಯಾಡುತ್ತಿದ್ದರೆ ತೊಂದರೆಯಿಲ್ಲ. ಶಿಡ್ಲಘಟ್ಟ, ದೇವನಹಳ್ಳಿ ಬಳಿಯ ವಿಜಯಪುರ ಕಡೆ ರೇಷ್ಮೆ ಸಾಕುವ ಮನೆಯವರು ಹೊಸದಾಗಿ ಮೀಟರ್ ಕೊಳ್ಳಬೇಕಿಲ್ಲ, ಹುಳು ಮನೆಯ ಒಣ ಬಲ್ಬ್–ಒದ್ದೆ ಬಲ್ಬ್ ತಾಪಮಾಪಕವೇ (ಜೋಡಿ ತಾಪಮಾಪಕ, ಒಂದರ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿರುತ್ತದೆ) ಸಾಕು. ಒಣ ಬಲ್ಬ್ 30, ಒದ್ದೆ ಬಲ್ಬ್ 22 ತೋರಿಸಿದರೆ ತೇವಾಂಶ ಶೇ 50ರ ಆಸುಪಾಸು. ಎರಡರ ನಡುವೆ ಎರಡೇ ಡಿಗ್ರಿ ಅಂತರವಿದ್ದರೆ 80ರ ಮೇಲಿದೆ ಎಂದೇ ಲೆಕ್ಕ. ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆ ಹುಳುವಿಗೆ, ಶೇ 85ರಷ್ಟು ಬೇಕು, ಈ ಗಿಡಕ್ಕೆ ಅದರ ಅರ್ಧ. ಹಾಗಾಗಿ ಗಿಡವನ್ನು ಹುಳು ಮನೆಯಲ್ಲಿ ಮಾತ್ರ ಇಡಬೇಡಿ.

ಎಲೆಗೆ ದಿನಾ ನೀರು ಸ್ಪ್ರೇ ಮಾಡಿ, ಬಚ್ಚಲಮನೆಯಲ್ಲಿ ಇಡಿ ಎಂಬ ಸಲಹೆಗಳನ್ನು ಮರೆತುಬಿಡಿ. ಮಾರ್ಚ್‌ನ ಒಣ ಮಧ್ಯಾಹ್ನವೂ ಈ ಗಿಡಕ್ಕೆ ಒಣ ಅಲ್ಲ. ಏರ್ ಕೂಲರ್ ಮುಂದೆಯೂ ಬೇಡ, ಅದು ಊದುವುದು ಒದ್ದೆ ಗಾಳಿ.

ಮಳೆ ಹಿಡಿದುಕೊಂಡಾಗ ಗಿಡವನ್ನು ಎರಚಲು ತಾಗದ, ಆದರೆ ಗಾಳಿಯಾಡುವ ಜಾಗಕ್ಕೆ ತನ್ನಿ. ಕಿಟಕಿ ಮುಚ್ಚಲೇಬೇಕಾದರೆ ಫ್ಯಾನ್ ಒಂದರಲ್ಲಿ ಓಡಲಿ. ಕುಂಡಗಳ ನಡುವೆ ಗೇಣು ಜಾಗ ಬಿಡಿ. ಮಣ್ಣು ಪೂರ್ತಿ ಒಣಗುವವರೆಗೆ ನೀರು ಬೇಡ, ಅದಕ್ಕೆ 20 ದಿನ ಹಿಡಿದರೂ ಸರಿ. ಬೇಸಿಗೆಯಲ್ಲಿ 8–10 ದಿನಕ್ಕೊಮ್ಮೆ, ಅದೂ ಬೆಳಗ್ಗೆ. ಊದುಬತ್ತಿಯ ಕಡ್ಡಿ ತಳದವರೆಗೆ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿದ್ದರೆ ಇನ್ನೂ ಕಾಯಿರಿ. ಬೋರ್‌ವೆಲ್ ನೀರಿನ ಉಪ್ಪು ಕುಂಡದ ಮೇಲೆ ಬಿಳಿಯಾಗಿ ಕಟ್ಟಿದ್ದರೆ ಎರಡು ತಿಂಗಳಿಗೊಮ್ಮೆ ಮಳೆನೀರು ಧಾರಾಳವಾಗಿ ಹೊಯ್ದು ತಳದಿಂದ ಹರಿಸಿ.

ಕುಂಡ ಮಣ್ಣಿನದೇ ಇರಲಿ, 5 ಇಂಚು ಅಗಲ, 3 ಇಂಚು ಆಳ. ನಮ್ಮ ಕೆಂಪು ಮಣ್ಣನ್ನು ಬರೀ ಹಾಕಿದರೆ ಒಣಗಿದಾಗ ಇಟ್ಟಿಗೆಯಂತಾಗಿ ನೀರು ಬದಿಯಿಂದ ಜಾರಿಹೋಗುತ್ತದೆ. ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಕೊಪೀಟ್, ಒಂದು ಹಿಡಿ ಇದ್ದಿಲ ಚೂರು. ಇಟ್ಟಿಗೆಗೆ ಮಾಲೂರು ಇದ್ದೇ ಇದೆ. ಒಡೆದು ಜರಡಿ ಹಿಡಿದು ಪುಡಿ ಚೆಲ್ಲಿ, ಕಡಲೆಬೇಳೆ ಗಾತ್ರದ್ದು ಮಾತ್ರ ಇಟ್ಟುಕೊಳ್ಳಿ. ಪುಡಿ ಉಳಿದರೆ ಅದೇ ಕೆಸರಾಗಿ ತೂತು ಮುಚ್ಚುತ್ತದೆ.

ಮುತ್ತು, ಅಂದರೆ ಗಿಡದ ದುಂಡು ಎಲೆ, ಸುಕ್ಕಾದಾಗ ಮೊದಲು ಮಣ್ಣು ಮುಟ್ಟಿ. ಮಣ್ಣು ಒಣಗಿದ್ದರೆ ಬಾಯಾರಿಕೆ, ನೀರು ಕೊಟ್ಟ ಎರಡು ಮೂರು ದಿನದಲ್ಲಿ ದುಂಡಗಾಗುತ್ತದೆ. ಮಣ್ಣು ಒದ್ದೆಯಿದ್ದೂ ಸುಕ್ಕಾಗಿದ್ದರೆ ಬೇರು ಹೋಗಿದೆ, ಇನ್ನು ನೀರು ಹಾಕಿದರೆ ಕಥೆ ಮುಗಿಯಿತು. ಹಳದಿಯಾಗಿ ಗಾಜಿನಂತೆ ಪಾರದರ್ಶಕವಾಗಿ ಒತ್ತಿದರೆ ನೀರಾಗುವುದು ಕೊಳೆತದ್ದು. ಮುತ್ತಿನ ಮೇಲಿನ ಗಾಢ ಹಸಿರು ಗೆರೆಯನ್ನು ಮಾತ್ರ ರೋಗ ಅಂದುಕೊಳ್ಳಬೇಡಿ, ಅದು ಎಲೆಯೊಳಕ್ಕೆ ಬೆಳಕು ಬಿಡುವ ಕಿಟಕಿ. ಬಹಳ ದಿನ ಒಣಗಿಸಿ ಒಮ್ಮೆಲೇ ನೀರು ಸುರಿದರೆ ಮುತ್ತು ಬಿರಿಯುತ್ತದೆ, ನೋಡಲು ಚೆನ್ನಾಗಿರದಿದ್ದರೂ ಅಪಾಯವಿಲ್ಲ.

ಬೇರು ಕೊಳೆತಿದ್ದರೆ ಬುಡ ಉಳಿಸಲು ಹೋಗದೆ ಸರ ಉಳಿಸಿ. ಗಟ್ಟಿಯಾಗಿರುವ ಸರವನ್ನು 4 ಇಂಚಿಗೆ ಕತ್ತರಿಸಿ, ಬುಡದ ಮೂರು ನಾಲ್ಕು ಮುತ್ತು ಕಿತ್ತು, ನೆರಳಲ್ಲಿ ಒಂದು ದಿನ ಒಣಗಿಸಿ. ಅಕ್ಟೋಬರ್ ಆದರೆ ಎರಡು ದಿನ. ಆಮೇಲೆ ಒಣ ಮಿಶ್ರಣದ ಮೇಲೆ ಸುರುಳಿ ಸುತ್ತಿ ಮಲಗಿಸಿ, ಗೆಣ್ಣು ಮಣ್ಣಿಗೆ ತಾಗಲಿ. ಮೂರನೇ ದಿನದಿಂದ ಮೇಲ್ಮಣ್ಣು ನೆನೆಯುವಷ್ಟೇ ನೀರು. ಎರಡರಿಂದ ನಾಲ್ಕು ವಾರದಲ್ಲಿ ಬೇರು ಬರುತ್ತದೆ.

ಬೇಸಿಗೆಯಲ್ಲಿ ಗೆಣ್ಣಿನ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಕಂಡರೆ ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ಅದ್ದಿ ಒಂದೊಂದಾಗಿ ಒರೆಸಿ. ಮನೆಯಲ್ಲಿ ರೇಷ್ಮೆ ಹುಳು ಇದ್ದರೆ, ಪಕ್ಕದಲ್ಲೇ ಹಿಪ್ಪುನೇರಳೆ ಇದ್ದರೆ ಕೀಟನಾಶಕವಾಗಲಿ ಬೇವಿನ ಎಣ್ಣೆಯಾಗಲಿ ಸಿಂಪಡಿಸಲೇಬೇಡಿ. ಸೊಪ್ಪಿನ ಮೂಲಕ ಹುಳುವಿಗೆ ಹೋಗುತ್ತದೆ. ಗಿಡದ ರಸವೂ ವಿಷಕಾರಿ, ಮಕ್ಕಳು ಬಟಾಣಿ ಅಂತ ಬಾಯಿಗೆ ಹಾಕದಂತೆ, ಬೆಕ್ಕಿಗೂ ಎಟುಕದಂತೆ ಇಡಿ.