ಚಿಲ್ಗೋಜಾ: ಕಡಿಮೆ ಹಾಕಿ, ಕೊನೆಗೆ ಹಾಕಿ

ಚಿಲ್ಗೋಜಾ ಎಂದರೆ ಹಿಮಾಲಯದ ಪೈನ್ ಮರದ ದುಬಾರಿ ಬೀಜ. ಗೋಡಂಬಿ ಹಾಕುವ ಕಡೆಯಲ್ಲೆಲ್ಲ ಅದನ್ನು ಹಾಕಿದರೆ ದುಡ್ಡು ದಂಡ. ಬಿಸಿಬೇಳೆಬಾತ್‌ನ ಮಸಾಲೆ, ಪುಳಿಯೋಗರೆಯ ಹುಣಸೆಹುಳಿ, ವಾಂಗಿಬಾತ್ ಪುಡಿ ಇವುಗಳ ನಡುವೆ ಅದರ ರುಚಿ ಹುಡುಕಿದರೂ ಸಿಗುವುದಿಲ್ಲ. ಅಲ್ಲಿಗೆ ಕಡಲೆಕಾಯಿ ಬೀಜ, ಗೋಡಂಬಿಯೇ ಸರಿ. ಚಿಲ್ಗೋಜಾಕ್ಕೆ ಬೇಕಾದದ್ದು ಖಾರ-ಹುಳಿಯ ಅಬ್ಬರವಿಲ್ಲದ ಅಡುಗೆ: ಹಿತಕಿದ ಅವರೆಬೇಳೆ, ಮೊಸರನ್ನ, ಕೋಸಂಬರಿ, ಗಂಜಿ, ಹಾಲು ಪಾಯಸ. ಅರೆದು ಮಾಡುವ ಅಡುಗೆಗಳನ್ನು ಬಿಟ್ಟರೆ ಉಳಿದೆಲ್ಲದಕ್ಕೂ ಅದನ್ನು ಒಲೆ ಆರಿಸುವ ಹೊತ್ತಿಗೆ ಹಾಕಬೇಕು. ನಾಲ್ಕು ಜನರ ಅಡುಗೆಗೆ ಎರಡು ದೊಡ್ಡ ಚಮಚ ಧಾರಾಳವಾಯಿತು.

ಕೊಳ್ಳುವಾಗ

ಸೂಪರ್ ಮಾರ್ಕೆಟ್ ಪೊಟ್ಟಣದ ಮೇಲಿನ ‘ಪೈನ್ ನಟ್ಸ್’, ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆಯ ಡ್ರೈ ಫ್ರೂಟ್ಸ್ ಅಂಗಡಿಗಳಲ್ಲಿ ಕೇಳುವ ‘ಚಿಲ್ಗೋಜಾ’ ಎರಡೂ ಪೈನ್ ಮರದ ಬೀಜಗಳೇ. ಆದರೆ ಮರ ಬೇರೆ ಬೇರೆ. ಚಿಲ್ಗೋಜಾ ಬರುವುದು ಹಿಮಾಲಯದ ಒಣ ಕಣಿವೆಗಳಿಂದ. ನಮ್ಮ ದೇಶದಲ್ಲಿ ಮುಖ್ಯವಾಗಿ ಹಿಮಾಚಲ ಪ್ರದೇಶದ ಕಿನ್ನೌರ್, ಅಲ್ಲದೆ ಚಂಬಾ ಜಿಲ್ಲೆಯ ಪಾಂಗಿ ಕಣಿವೆ. ಗಡಿಯಾಚೆ ಪಾಕಿಸ್ತಾನ, ಅಫ್ಗಾನಿಸ್ತಾನ. ಬೀಜ ಉದ್ದ, ಸಪೂರ, ಮೇಲೆ ಕಂದು ಸಿಪ್ಪೆ. ಪೊಟ್ಟಣದಲ್ಲಿ ಸಿಪ್ಪೆ ತೆಗೆದು ಬರುವ ಗಿಡ್ಡ, ದುಂಡು ಬೀಜಗಳು ಹೆಚ್ಚಾಗಿ ಪೂರ್ವ ಏಷ್ಯಾದ ಕೊರಿಯನ್ ಪೈನ್ ಮರದವು. ಇಟಲಿಯವರು ಬಳಸುವುದು ಮೆಡಿಟರೇನಿಯನ್ ಕರಾವಳಿಯ ಸ್ಟೋನ್ ಪೈನ್‌ನ ಬೀಜ. ಅಡುಗೆಗೆ ಮೂರೂ ಒಗ್ಗುತ್ತವೆ. ನನ್ನ ಆಯ್ಕೆ ಸಿಪ್ಪೆಯಿರುವ ಚಿಲ್ಗೋಜಾ, ಏಕೆಂದರೆ ಅದು ಬೇಗ ಕೆಡುವುದಿಲ್ಲ.

ಬೆಲೆ ಕೇಳಿ ಹೌಹಾರುವವರಿಗೆ ಕಾರಣವೂ ಗೊತ್ತಿರಲಿ. ಚಿಲ್ಗೋಜಾ ತೋಟದ ಬೆಳೆಯಲ್ಲ, ಕಾಡಿನ ಮರದ್ದು. ಪರಾಗಸ್ಪರ್ಶವಾದ ಮೇಲೆ ಕಾಯಿ ಬಲಿಯಲು ಸುಮಾರು ಎರಡು ವರ್ಷ ಬೇಕು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಕಾಯಿ ಬಿರಿಯುವ ಮೊದಲೇ, ಜನ ಮರ ಹತ್ತಿ ಕೆಡವಿ, ಒಣಗಿಸಿ, ಬೀಜ ಬಿಡಿಸುತ್ತಾರೆ. ಹೀಗೆ ಹೆಚ್ಚುಕಡಿಮೆ ಎಲ್ಲ ಕಾಯಿಗಳನ್ನೂ ಕಿತ್ತುಬಿಡುವುದರಿಂದ ನೆಲಕ್ಕೆ ಬಿದ್ದು ಹೊಸ ಸಸಿಯಾಗುವ ಬೀಜ ತೀರಾ ಕಡಿಮೆ, ಕಾಡು ಮರುಹುಟ್ಟು ಪಡೆಯುತ್ತಿಲ್ಲ. ಆದ್ದರಿಂದ ಐವತ್ತು-ನೂರು ಗ್ರಾಂ ಕೊಂಡು, ಒಂದು ಬೀಜವೂ ಕೆಡದಂತೆ ಬಳಸುವುದೇ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ.

ಅಂಗಡಿಯಲ್ಲಿ ಒಂದು ಬೀಜ ಕೇಳಿ ಬಾಯಿಗೆ ಹಾಕಿಕೊಳ್ಳಿ. ಬೆಣ್ಣೆಯಂಥ ಸಿಹಿ, ಹಿಂದೆಯೇ ಸಣ್ಣಗೆ ಮರದ ಅಂಟಿನ ಪರಿಮಳ ಬರಬೇಕು. ಕಮಟು ವಾಸನೆ ಬಂದರೆ ಬೇಡವೇ ಬೇಡ, ಹುರಿದರೂ ಅದು ಹೋಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಚೀನಾದ ಬಿಳಿ ಪೈನ್ ಎಂಬ ಜಾತಿಯ ಬೀಜ ತಿಂದ ಕೆಲವರಿಗೆ ಒಂದೆರಡು ದಿನಗಳಲ್ಲಿ ಬಾಯೆಲ್ಲ ಕಹಿಯಾಗುತ್ತದೆ, ಏನು ತಿಂದರೂ ಲೋಹದ ರುಚಿ. ಕೆಲವು ದಿನಗಳಿಂದ ಎರಡು-ಮೂರು ವಾರದವರೆಗೆ ಇದ್ದು ತಾನಾಗಿಯೇ ಹೋಗುತ್ತದೆ. ಮೂಲ ದೇಶ ಬರೆಯದ ಅಗ್ಗದ ಪೊಟ್ಟಣದಿಂದ ದೂರವಿರಿ. ಮನೆಯಲ್ಲಿ ಯಾರಿಗಾದರೂ ಬಾದಾಮಿ, ಗೋಡಂಬಿಯಂಥವುಗಳ ಅಲರ್ಜಿ ಇದ್ದರೆ ವೈದ್ಯರನ್ನು ಕೇಳದೆ ಇದನ್ನು ಬಡಿಸಬೇಡಿ.

ಹುರಿಯುವುದು

ಇದೊಂದು ಕೈಗೆ ಬಂದರೆ ಉಳಿದದ್ದೆಲ್ಲ ಸಲೀಸು. ಈ ಬೀಜದ ತೂಕದಲ್ಲಿ ಅರ್ಧದಷ್ಟಾದರೂ ಎಣ್ಣೆಯೇ ಇರುತ್ತದೆ. ಗಾತ್ರವೂ ಸಣ್ಣದು. ಹಾಗಾಗಿ ಹೊಂಬಣ್ಣದಿಂದ ಕಪ್ಪಿಗೆ ತಿರುಗಲು ಅರ್ಧ ನಿಮಿಷವೂ ಬೇಡ. ಒಗ್ಗರಣೆಯಲ್ಲಿ ಸಾಸಿವೆ, ಉದ್ದಿನಬೇಳೆಯ ಜೊತೆ ಇದನ್ನೂ ಹಾಕಿದರೆ ಬೇಳೆ ಕೆಂಪಾಗುವಷ್ಟರಲ್ಲಿ ಇದು ಸುಟ್ಟು ಕಹಿಯಾಗಿರುತ್ತದೆ.

ದಪ್ಪ ತಳದ ಬಾಣಲೆಯನ್ನು ಸಣ್ಣ ಉರಿಯಲ್ಲಿಡಿ. ಎಣ್ಣೆ ಬೇಡ. ಬೀಜಗಳನ್ನು ಒಂದೇ ಪದರವಾಗಿ ಹರಡಿ. ಮೊದಲ ನಿಮಿಷ ಏನೂ ಆಗುತ್ತಿಲ್ಲ ಎನ್ನಿಸುತ್ತದೆ, ಉರಿ ಹೆಚ್ಚಿಸಬೇಡಿ. ಎರಡನೆಯ ನಿಮಿಷಕ್ಕೆ ಮೈ ಮೇಲೆ ಎಣ್ಣೆಯ ಹೊಳಪು ಬರುತ್ತದೆ. ಅಲ್ಲಿಂದ ಬಾಣಲೆಯನ್ನು ಅಲ್ಲಾಡಿಸುತ್ತಲೇ ಇರಬೇಕು. ಮೂರು-ನಾಲ್ಕು ನಿಮಿಷಕ್ಕೆ ಅಲ್ಲಲ್ಲಿ ತಿಳಿ ಹೊಂಬಣ್ಣ ಕಂಡು, ಘಮ ಎದ್ದ ಕೂಡಲೇ ಬೇರೆ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಸೀದುಹೋಗುತ್ತದೆ. ಫೋನ್ ಬಂದರೂ ಆ ನಾಲ್ಕು ನಿಮಿಷ ಒಲೆ ಬಿಟ್ಟು ಹೋಗಬೇಡಿ.

ಸಿಪ್ಪೆಯಿರುವ ಚಿಲ್ಗೋಜಾ ಆದರೆ ಅದನ್ನು ಸಿಪ್ಪೆ ಸಮೇತ ಸಣ್ಣ ಉರಿಯಲ್ಲಿ ಬೆಚ್ಚಗಾಗಿಸಿ. ಸಿಪ್ಪೆ ಗರಿಗರಿಯಾಗಿ, ಒಂದು ತುದಿಯನ್ನು ಉಗುರಿನಿಂದಲೋ ಸಣ್ಣ ಇಕ್ಕಳದಿಂದಲೋ ಒತ್ತಿದರೆ ಬಿರುಕು ಬಿಡುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಮಾಡುವ ಕೆಲಸ ಇದು.

ಹಿತಕಿದ ಅವರೆಬೇಳೆಯ ಉಸಲಿ

ಚಿಲ್ಗೋಜಾದ ಹೊಸ ಫಸಲು ಇಳಿಯುವುದು ಅಕ್ಟೋಬರ್ ಹೊತ್ತಿಗೆ. ಅದರ ಬೆನ್ನಿಗೇ ಡಿಸೆಂಬರ್-ಜನವರಿಯಲ್ಲಿ ಬೆಂಗಳೂರಿನ ಬೀದಿಬೀದಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ. ಎರಡನ್ನೂ ಕೂಡಿಸದೆ ಬಿಡಬಾರದು. ನನ್ನ ಮಟ್ಟಿಗೆ ಚಿಲ್ಗೋಜಾಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

1. ಎರಡು ಬಟ್ಟಲು ಹಿತಕಿದ ಬೇಳೆಯನ್ನು ಮುಳುಗುವಷ್ಟು ನೀರು, ಉಪ್ಪು ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರ್ ಬೇಡ, ಬೇಳೆ ಕರಗುತ್ತದೆ. ಬೆರಳಲ್ಲಿ ಹಿಸುಕಿದರೆ ಮೆತ್ತಗಿರಬೇಕು, ಆಕಾರ ಕೆಡಬಾರದು.

2. ನೀರು ಬಸಿದಿಡಿ. ಚೆಲ್ಲಬೇಡಿ, ಅದಕ್ಕೆ ಮೆಣಸು-ಜೀರಿಗೆ ಪುಡಿ ಹಾಕಿದರೆ ರಾತ್ರಿಗೊಂದು ತಿಳಿಸಾರು.

3. ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಕಾಳುಮೆಣಸು, ಕರಿಬೇವು, ಒಂದು ಹಸಿಮೆಣಸಿನಕಾಯಿ. ಬೆಳ್ಳುಳ್ಳಿ, ಗರಂ ಮಸಾಲೆ ಬೇಡ. ಅವು ಅವರೆಯ ಸೊಗಡನ್ನೇ ನುಂಗುತ್ತವೆ.

4. ಬೇಳೆ ಹಾಕಿ ಎರಡು ನಿಮಿಷ ಕೈಯಾಡಿಸಿ, ಒಲೆ ಆರಿಸಿ, ಹಿಡಿ ತೆಂಗಿನ ತುರಿ, ಅರ್ಧ ಹೋಳು ನಿಂಬೆರಸ, ಕೊನೆಯಲ್ಲಿ ಹುರಿದ ಎರಡು ಚಮಚ ಚಿಲ್ಗೋಜಾ.

ಮೆತ್ತನೆಯ ಬೇಳೆಯ ನಡುವೆ ಬೀಜ ಸಣ್ಣಗೆ ಕರುಂ ಎನ್ನುತ್ತದೆ. ಅವರೆ ಮುಗಿದ ಮೇಲೆ ಇದೇ ಕ್ರಮದಲ್ಲಿ ಎಳೆ ಹುರುಳಿಕಾಯಿ, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಬಹುದು.

ಕಾಮಕಸ್ತೂರಿಯ ಪೆಸ್ಟೋ

ಪೈನ್ ಬೀಜಕ್ಕೆ ಜಗತ್ತಿನೆಲ್ಲೆಡೆ ಹೆಸರು ತಂದದ್ದು ಇಟಲಿಯ ಜಿನೋವಾ ಊರಿನ ಪೆಸ್ಟೋ. ಬೇಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಕಲ್ಲುಪ್ಪು, ಪಾರ್ಮೆಸಾನ್ ಮತ್ತು ಪೆಕೊರಿನೊ ಚೀಸ್, ಆಲಿವ್ ಎಣ್ಣೆ ಸೇರಿಸಿ ಕಲ್ಲಿನಲ್ಲಿ ಕುಟ್ಟಿ ಮಾಡುವ ಹಸಿ ಚಟ್ನಿ ಅದು. ನಮ್ಮ ಕೆ.ಆರ್. ಮಾರುಕಟ್ಟೆಯಲ್ಲಿ, ಗಾಂಧಿಬಜಾರಿನಲ್ಲಿ ಹೂವಿನವರು ಮರುಗ, ದವನದ ಪಕ್ಕ ಇಟ್ಟಿರುವ ಕಾಮಕಸ್ತೂರಿಯೂ ಬೇಸಿಲ್ ಜಾತಿಯದೇ. ಘಾಟು ಹೆಚ್ಚು, ಆದ್ದರಿಂದ ಅದೊಂದನ್ನೇ ಹಾಕಬೇಡಿ. ಹೂವಿನಂಗಡಿಯ ಸೊಪ್ಪು ತಿನ್ನಲೆಂದು ಬೆಳೆದದ್ದಲ್ಲ, ಔಷಧಿ ಹೊಡೆದಿರಬಹುದು. ಅಲ್ಲಿಂದ ಬೇರಿರುವ ಗಿಡ ತಂದು ಕುಂಡದಲ್ಲಿ ನೆಟ್ಟು, ಹೊಸ ಚಿಗುರು ಬಂದ ಮೇಲೆ ಬಳಸುವುದು ಒಳ್ಳೆಯದು.

ಒಂದು ಬಟ್ಟಲು ಕಾಮಕಸ್ತೂರಿ, ಒಂದು ಬಟ್ಟಲು ಎಳೆ ಪಾಲಕ್, ಎರಡನ್ನೂ ತೊಳೆದು ಒಂದು ಹನಿ ನೀರಿಲ್ಲದಂತೆ ಒರೆಸಿ. ಒರಳಲ್ಲಿ ಮೊದಲು ಒಂದು ಎಸಳು ಬೆಳ್ಳುಳ್ಳಿ, ಕಲ್ಲುಪ್ಪು. ನುಣ್ಣಗಾದ ಮೇಲೆ ಎರಡು ಚಮಚ ಪೈನ್ ಬೀಜ. ಜಿನೋವಾದವರು ಹುರಿಯದೆ ಹಸಿಯದನ್ನೇ ಹಾಕುತ್ತಾರೆ, ಇಲ್ಲಿ ಹಾಗೆಯೇ ಚೆನ್ನ. ನಂತರ ಎಲೆ ಸ್ವಲ್ಪ ಸ್ವಲ್ಪವಾಗಿ. ಕೊನೆಗೆ ನಾಲ್ಕು ಚಮಚ ತುರಿದ ಚೀಸ್, ಕಾಲು ಬಟ್ಟಲು ಆಲಿವ್ ಎಣ್ಣೆ. ಮಿಕ್ಸಿಯೇ ಗತಿಯಾದರೆ ಜಾರನ್ನು ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟು, ಬಿಟ್ಟು ಬಿಟ್ಟು ತಿರುಗಿಸಿ. ಬಿಸಿಯಾದರೆ ಎಲೆ ಕಪ್ಪಾಗುತ್ತದೆ.

ಸಸ್ಯಾಹಾರಿಗಳು ಗಮನಿಸಬೇಕಾದ ಮಾತು: ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಸಲು ಬಳಸುವುದು ಕರುವಿನ ಜಠರದಿಂದ ತೆಗೆದ ರೆನೆಟ್. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ ಕೊಳ್ಳಿ.

ಪಾಸ್ತಾಕ್ಕಿಂತ ಬಿಸಿ ಒತ್ತುಶಾವಿಗೆಗೆ ಇದು ಹೆಚ್ಚು ಒಪ್ಪುತ್ತದೆ ಎನ್ನುವುದು ನನ್ನ ಅನಿಸಿಕೆ. ಎರಡು ಚಮಚ ಬಿಸಿನೀರಲ್ಲಿ ಸಡಿಲಿಸಿ ಕಲಸಿ. ಒಲೆಯ ಮೇಲಿಟ್ಟು ಬಿಸಿ ಮಾಡಬೇಡಿ.

ದಿನದ ಅಡುಗೆಗೆ

ಹೆಸರುಬೇಳೆ ಕೋಸಂಬರಿಗೆ ಬಡಿಸುವ ಹೊತ್ತಿಗೆ ಉದುರಿಸಿ, ಮೊದಲೇ ಹಾಕಿದರೆ ಸೌತೆಕಾಯಿಯ ನೀರಿಗೆ ಮೆತ್ತಗಾಗುತ್ತದೆ. ಮೊಸರನ್ನಕ್ಕೆ ದಾಳಿಂಬೆಯ ಜೊತೆ. ಶಾವಿಗೆ ಪಾಯಸಕ್ಕೆ ತುಪ್ಪದಲ್ಲಿ ಒಂದೇ ನಿಮಿಷ ಬಾಡಿಸಿ. ಏಲಕ್ಕಿ ಅರ್ಧ ಮಾಡಿ, ಕೇಸರಿ ಬೇಡ. ಮಾಂಸ ತಿನ್ನುವವರು ಲೆಬನಾನ್ ಕಡೆಯವರಂತೆ ಕೈಮಾ ಬೆರೆಸಿದ ಅನ್ನದ ಮೇಲೆ ತುಪ್ಪದಲ್ಲಿ ಹುರಿದ ಬೀಜ ಹಾಕಿ ನೋಡಿ.

ಗಂಜಿ

ಕೊರಿಯಾದಲ್ಲಿ ಅಕ್ಕಿ ಮತ್ತು ಪೈನ್ ಬೀಜ ಅರೆದು ಮಾಡುವ ಗಂಜಿಯನ್ನು ಜಾತ್‌ಜುಕ್ ಎನ್ನುತ್ತಾರೆ. ಕಾಯಿಲೆಯಿಂದ ಏಳುತ್ತಿರುವವರಿಗೆ, ವಯಸ್ಸಾದವರಿಗೆ ಕೊಡುವ ಊಟ. ಗಂಜಿಯ ಬೆಲೆ ತಿಳಿದ ನಮ್ಮ ಮನೆಗಳಿಗೆ ಇದನ್ನು ಒಗ್ಗಿಸಿಕೊಳ್ಳುವುದು ಕಷ್ಟವಲ್ಲ.

ಅರ್ಧ ಬಟ್ಟಲು ಸೋನಾ ಮಸೂರಿ ಅಕ್ಕಿಯನ್ನು ಎರಡು ಗಂಟೆ ನೆನೆಸಿ, ಒಂದು ಬಟ್ಟಲು ನೀರಲ್ಲಿ ನುಣ್ಣಗೆ ಅರೆಯಿರಿ. ಕಾಲು ಬಟ್ಟಲು ಹಸಿ ಪೈನ್ ಬೀಜವನ್ನು ಅರ್ಧ ಬಟ್ಟಲು ನೀರಲ್ಲಿ ಬೇರೆಯಾಗಿ ಅರೆದಿಡಿ. ಅಕ್ಕಿಹಿಟ್ಟಿಗೆ ಇನ್ನೆರಡೂವರೆ ಬಟ್ಟಲು ನೀರು ಸೇರಿಸಿ ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ತಿರುವುತ್ತಾ ಹತ್ತು ನಿಮಿಷ ಬೇಯಿಸಿ. ಹಸಿ ವಾಸನೆ ಹೋದ ಮೇಲೆ ಬೀಜದ ಹಾಲು ಹೊಯ್ದು ಮೂರು-ನಾಲ್ಕು ನಿಮಿಷ ಕುದಿಸಿ. ಉಪ್ಪನ್ನು ಬಟ್ಟಲಿಗೆ ಬಡಿಸಿದ ಮೇಲೇ ಹಾಕಬೇಕು. ಮೊದಲೇ ಹಾಕಿದರೆ ಗಂಜಿ ನೀರಾಗುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ.

ಉಳಿದದ್ದನ್ನು ಇಡುವುದು

ಸಿಪ್ಪೆ ತೆಗೆದ ಬೀಜವನ್ನು ಒಗ್ಗರಣೆ ಡಬ್ಬಿಯ ಪಕ್ಕ, ಒಲೆಯ ಬಿಸಿಗೆ ಇಡಬೇಡಿ. ಎಣ್ಣೆ ಬೇಗ ಕಮಟುತ್ತದೆ. ಗಾಳಿಯಾಡದ ಗಾಜಿನ ಸೀಸೆಯಲ್ಲಿ ಫ್ರಿಜ್‌ನಲ್ಲಿ ಎರಡು ತಿಂಗಳು, ಫ್ರೀಜರ್‌ನಲ್ಲಿ ಆರು ತಿಂಗಳು ಧೈರ್ಯವಾಗಿ ಇಡಬಹುದು. ಫ್ರೀಜರ್‌ನಿಂದ ತೆಗೆದದ್ದನ್ನು ಹಾಗೆಯೇ ಬಾಣಲೆಗೆ ಹಾಕಿ, ಹುರಿಯಲು ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ. ಹುರಿದಿಟ್ಟದ್ದು ಬೇಗ ಮಂಕಾಗುತ್ತದೆ, ಆಯಾ ದಿನಕ್ಕೆ ಬೇಕಾದಷ್ಟನ್ನೇ ಹುರಿದುಕೊಳ್ಳಿ.