ನೇರಪ್ರಸಾರದ ತಾಳಮದ್ದಲೆಯನ್ನು ಸಿಡಿಗೆ ಇಳಿಸಿದ ನನ್ನ ಅನುಭವ

ಅಂತರ್ಜಾಲದಲ್ಲಿ ನೇರಪ್ರಸಾರವಾಗುವ ತಾಳಮದ್ದಲೆಯನ್ನು (ವೇಷ, ಕುಣಿತವಿಲ್ಲದೆ ಹಾಡು, ಮಾತುಗಳಲ್ಲೇ ನಡೆಯುವ ಯಕ್ಷಗಾನದ ಕೂಟವನ್ನು) ಹಿಡಿದಿಟ್ಟು, ಹಳೆಯ ಪ್ಲೇಯರಿನಲ್ಲಿ ಎಲ್ಲಿಯೂ ತಡವರಿಸದೆ ಓಡುವ ಆಡಿಯೋ ಸಿಡಿ ಮಾಡಲು ಆಗದೆಂದು ಶಿವಮೊಗ್ಗದ ಇಬ್ಬರು ಮೂವರು ಬಲ್ಲವರು ನನಗೆ ಹೇಳಿದ್ದರು. ಕಳೆದ ಅಡಿಕೆ ಸುಲಿತದಿಂದ ತೀರ್ಥಹಳ್ಳಿ ಸುತ್ತಿನ ಮೂವತ್ತು ನಲವತ್ತು ಮನೆಗಳಲ್ಲಿ ನನ್ನ ಸಿಡಿಗಳು ಓಡುತ್ತಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಪೆನ್ ಡ್ರೈವ್ ಸಾಲದೇ ಎನ್ನುವವರಿಗೆ ಉತ್ತರವಿಷ್ಟೆ: ಸುಲಿಯುವ ಚಪ್ಪರದಲ್ಲಿರುವ ಪ್ಲೇಯರಿಗೆ ಯುಎಸ್‌ಬಿ ಇಲ್ಲ, ಎಂಪಿ3 ಅದಕ್ಕೆ ತಿಳಿಯದು, ಅದನ್ನು ಬದಲಿಸಲು ಮನೆಯ ಹಿರಿಯರು ಒಪ್ಪುವುದಿಲ್ಲ. ಸಂಘಟಕರೂ ಕಲಾವಿದರೂ ಒಪ್ಪಿದ ಕೂಟಗಳನ್ನು ಮಾತ್ರ ಇಳಿಸುತ್ತೇನೆ.

ಮೊದಲು ಎಲ್ಲರಂತೆ ಕಂಪ್ಯೂಟರಿನ ಹೆಡ್‌ಫೋನ್ ಕಿಂಡಿಯಿಂದ ತಂತಿ ಎಳೆದು ಇನ್ನೊಂದರಲ್ಲಿ ರೆಕಾರ್ಡ್ ಮಾಡುವ ಕ್ರಮವಿತ್ತು. ಕರೆಂಟು ಹೋಗಿ ಇನ್ವರ್ಟರ್ ಹತ್ತಿದೊಡನೆ ಹಾಡುವ ಭಾಗವತರ ದನಿಯ ಹಿಂದೆ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತಿತ್ತು. ಆಮೇಲೆ ಬಳಸಿದ ರೆಕಾರ್ಡರ್ ತಂತ್ರಾಂಶವು ಎಎಸಿ ಎಂಬ ಕುಗ್ಗಿಸಿದ ರೂಪದಲ್ಲಿ ಬಂದ ಧ್ವನಿಯನ್ನು ಬಿಚ್ಚಿ ಮತ್ತೆ ಎಂಪಿ3 ಆಗಿ ಕುಗ್ಗಿಸುತ್ತಿದ್ದುದರಿಂದ ಚೆಂಡೆಯ ಪೆಟ್ಟು ನೀರಿನಲ್ಲಿ ಹೊಡೆದಂತೆ ಕೇಳುತ್ತಿತ್ತು. ಅಂಗಡಿಯೊಂದರಲ್ಲಿ ಬರ್ನ್ ಮಾಡಿಸಿದ ಸಿಡಿಯ ಕಥೆ ಇನ್ನೂ ಬೇರೆ. ಪ್ರಸಾರದ ಧ್ವನಿ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್, ಅಂದರೆ ಧ್ವನಿಯ ಅಳತೆಗಳು), ಸಿಡಿಗೆ ಬೇಕಾದುದು 44.1, ಅಲ್ಲಿ ಪರಿವರ್ತಿಸದೆ ಹಾಗೆಯೇ ಬರೆದುಕೊಟ್ಟಿದ್ದರಿಂದ ಒಂದು ಗಂಟೆಯ ಭಾಗ ಅರುವತ್ತೈದು ನಿಮಿಷವಾಗಿ, ಶ್ರುತಿ ಹೆಚ್ಚುಕಡಿಮೆ ಒಂದೂವರೆ ಸ್ವರಸ್ಥಾನ ಕೆಳಗಿಳಿದಿತ್ತು. ಈ ಹಂತದಲ್ಲಿ ಹಾಳಾದ ಖಾಲಿ ಡಿಸ್ಕುಗಳಿಗೇ ಎರಡು ಸಾವಿರ ರೂಪಾಯಿ ಹೋಗಿರಬೇಕು, ಹೊರಗಿನಿಂದ ಜೋಡಿಸುವ ಸಿಡಿ ರೈಟರಿಗೆ ಮತ್ತೆ ಅಷ್ಟೇ.

ಕೊನೆಗೆ ಕೈಹಿಡಿದದ್ದು ಧ್ವನಿ, ವಿಡಿಯೋ ಕಡತಗಳನ್ನು ನಿಭಾಯಿಸುವ ಉಚಿತ ತಂತ್ರಾಂಶ ಎಫ್‌ಎಫ್‌ಎಂಪೆಗ್. ಬರುತ್ತಿರುವ ಧ್ವನಿಯನ್ನು ಬಿಚ್ಚದೆ, ಕುಗ್ಗಿಸದೆ, ಇದ್ದ ಹಾಗೆಯೇ ನಕಲು ಮಾಡಿ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಸೇರಿಸುವಂತೆ ಅದಕ್ಕೆ ಹೇಳುತ್ತೇನೆ. ಸೆಕೆಂಡಿಗೆ 128 ಕಿಲೋಬಿಟ್ (ಕೆಬಿಪಿಎಸ್) ಹರಿಯುವ ಪ್ರಸಾರಕ್ಕೆ ಗಂಟೆಗೆ ಅರುವತ್ತು ಎಂಬಿಯೂ ಆಗುವುದಿಲ್ಲ. ಆದರೆ ತಾಳಮದ್ದಲೆ ಮಳೆಗಾಲದ ಕಲೆ. ಆಷಾಢದ ರಾತ್ರಿ ನಮ್ಮಲ್ಲಿ ಲೈನ್ ಬಿಟ್ಟುಬಿಟ್ಟು ಬರುತ್ತದೆ, ಮತ್ತೆ ಸಂಪರ್ಕ ಸಿಗುವಷ್ಟರಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಅರ್ಧ ಮಾತು ಮುಗಿದಿರುತ್ತದೆ. ಆದುದರಿಂದ ಭದ್ರಾವತಿಯಲ್ಲಿರುವ ಗೆಳೆಯನ ಕಂಪ್ಯೂಟರಿನಲ್ಲಿಯೂ ಅದೇ ಕೊಂಡಿಯನ್ನು ಅದೇ ಬಿಟ್‌ರೇಟಿನಲ್ಲಿ ಹಿಡಿಯುವ ಏರ್ಪಾಡು ಮಾಡಿದೆ. ಎರಡನ್ನೂ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಬಿಚ್ಚಿ, ಚೆಂಡೆಯ ಯಾವುದಾದರೊಂದು ಒಂಟಿ ಪೆಟ್ಟನ್ನು ಗುರುತಾಗಿಟ್ಟು ಹೊಂದಿಸಿ, ಒಂದರ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ ಪೂರ್ತಿ ಮೌನವಾಗಬೇಕು. ಚೂರು ಪಿಸುಗುಟ್ಟಿದರೂ ಒಂದೆರಡು ಸ್ಯಾಂಪಲ್ ಜಾರಿದೆ ಎಂದೇ ತಿಳಿಯಬೇಕು. ಮೌನ ಸಿಕ್ಕಿದ ಮೇಲೆ ನನ್ನ ಕಡತದ ತೂತುಗಳಿಗೆ ಭದ್ರಾವತಿಯ ತುಂಡುಗಳನ್ನು ಕೂರಿಸಿದರೆ ತೇಪೆ ಎಲ್ಲಿದೆಯೆಂದು ಹಾಕಿದ ನನಗೇ ಗೊತ್ತಾಗುವುದಿಲ್ಲ.

ಧ್ವನಿಮಟ್ಟದ ಕೆಲಸವೆಲ್ಲ 32 ಬಿಟ್ ಫ್ಲೋಟ್ ಎಂಬ ಹೆಚ್ಚು ನಿಖರತೆಯ ರೂಪದಲ್ಲಿ ನಡೆದು, ಸಿಡಿಗೆ ಬೇಕಾದ 44.1ಕ್ಕೂ 16 ಬಿಟ್ಟಿಗೂ ಇಳಿಸುವುದು ಕೊನೆಯಲ್ಲಿ ಒಂದೇ ಸಲ. ಚೆಂಡೆಯ ಅಬ್ಬರಕ್ಕೂ ಅರ್ಥಧಾರಿಯ ಮೆಲುದನಿಗೂ ಇರುವ ಅಂತರವನ್ನು ಎಷ್ಟು ತಗ್ಗಿಸುತ್ತೇನೆ, ಸಭಾಭವನದ ತಗಡಿನ ಮೇಲಿನ ಮಳೆಸದ್ದನ್ನು ಯಾವ ಕ್ರಮದಲ್ಲಿ ತೆಗೆಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಲಾರೆ. ಅದಕ್ಕೆ ನನ್ನ ಒಂದು ಮಳೆಗಾಲವೇ ಖರ್ಚಾಗಿದೆ.

80 ನಿಮಿಷದ, ಎಂಟುನೂರು ಚಿಲ್ಲರೆ ಎಂಬಿಯ ವೇವ್ (ಕುಗ್ಗಿಸದ ಧ್ವನಿಯ) ಕಡತ 700 ಎಂಬಿಯ ಡಿಸ್ಕಿನಲ್ಲಿ ಹಿಡಿಯಲಾರದೆಂದು ನನ್ನೊಡನೆ ವಾದಿಸಿದವರಿದ್ದಾರೆ. ದತ್ತಾಂಶದ ಡಿಸ್ಕಿನಲ್ಲಿ ಒಂದು ಸೆಕ್ಟರಿಗೆ (ಡಿಸ್ಕಿನ ಒಂದು ತುಂಡಿಗೆ) 2048 ಬೈಟ್ ಬಳಕೆಗೆ ಸಿಕ್ಕಿದರೆ ಆಡಿಯೋ ಡಿಸ್ಕಿನಲ್ಲಿ ದೋಷ ತಿದ್ದುಪಡಿಯ ಹೆಚ್ಚುವರಿ ಜಾಗವೂ ಸೇರಿ 2352 ಸಿಗುವುದರಿಂದ 80 ನಿಮಿಷ ಧಾರಾಳವಾಗಿ ಹಿಡಿಯುತ್ತದೆ. ಆದರೂ ಹಳೆಯ ಪ್ಲೇಯರುಗಳು ಡಿಸ್ಕಿನ ಹೊರಅಂಚಿನಲ್ಲಿ ಮುಗ್ಗರಿಸುವುದನ್ನು ಕಂಡು ನಾನು ಎಪ್ಪತ್ತರ ಆಸುಪಾಸಿನಲ್ಲಿ, ಅರ್ಥ ಮುಗಿದು ಮುಂದಿನ ಪದ್ಯ ಎತ್ತುವ ಕಡೆ ಕತ್ತರಿಸುತ್ತೇನೆ. ನಾಲ್ಕು ಗಂಟೆಯ ಕೂಟಕ್ಕೆ ನಾಲ್ಕು ಸಿಡಿ.

ಟ್ರ್ಯಾಕುಗಳ ನಡುವೆ ಕೇಳುತ್ತಿದ್ದ ‘ಟಿಕ್’ ಸದ್ದೇ ನನ್ನನ್ನು ಅತಿ ಹೆಚ್ಚು ಕಾಡಿದ್ದು. ಸೆಕೆಂಡಿಗೆ 75 ಫ್ರೇಮ್, ಫ್ರೇಮಿಗೆ 588 ಸ್ಯಾಂಪಲ್ ಎಂಬುದು ಸಿಡಿಯ ಲೆಕ್ಕ. ಬೇರೆ ಬೇರೆ ಕಡತಗಳಾಗಿ ಕತ್ತರಿಸಿದಾಗ ಕೊನೆಯ ಫ್ರೇಮ್ ಅರ್ಧಕ್ಕೆ ನಿಂತರೆ ಬರ್ನ್ ಮಾಡುವ ತಂತ್ರಾಂಶ ಅಲ್ಲಿ ಸೊನ್ನೆ ತುಂಬುತ್ತದೆ, ಆ ಸೊನ್ನೆಯೇ ಟಿಕ್. ಈಗ ಸಿಡಿಗೊಂದೇ ಉದ್ದನೆಯ ವೇವ್ ಕಡತವಿಟ್ಟು, ಟ್ರ್ಯಾಕುಗಳು ಶುರುವಾಗುವ ಜಾಗವನ್ನು ಕ್ಯೂ ಶೀಟ್ ಎಂಬ ಪಟ್ಟಿಯಲ್ಲಿ ನಿಮಿಷ, ಸೆಕೆಂಡ್, ಫ್ರೇಮ್ ಎಂದು ಬರೆದು, ಇಡೀ ಸಿಡಿಯನ್ನು ಎಲ್ಲಿಯೂ ನಿಲ್ಲಿಸದೆ ಒಂದೇ ಸಲಕ್ಕೆ ಬರೆಯುವ ಡಿಸ್ಕ್ ಅಟ್ ಒನ್ಸ್ ಕ್ರಮದಲ್ಲಿ ಬರ್ನ್ ಮಾಡುತ್ತೇನೆ. ಎರಡು ಸೆಕೆಂಡಿನ ಖಾಲಿ ಜಾಗವೂ ಇಲ್ಲ, ಟಿಕ್ಕೂ ಇಲ್ಲ.

ನಡುವೆ ಕುತೂಹಲಕ್ಕೆ, ಅಳಿಸಿ ಮತ್ತೆ ಬರೆಯಬಹುದಾದ ಸಿಡಿ-ಆರ್‌ಡಬ್ಲ್ಯೂ ಬಳಸಿ ನೋಡಿದೆ. ಅದು ಬೆಳಕನ್ನು ತೀರ ಕಡಿಮೆ ಪ್ರತಿಫಲಿಸುವುದರಿಂದ ನೆರೆಮನೆಯ ಹಳೆಯ ಪ್ಲೇಯರ್ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಬರೆಯುವ ವೇಗವನ್ನು ಬದಲಿಸಿ ಬದಲಿಸಿ ನೋಡಿದಾಗ ನನ್ನ ರೈಟರಿಗೆ 16 ಎಕ್ಸ್ (ಮಾಮೂಲು ಓಟದ ಹದಿನಾರು ಪಟ್ಟು) ಒಗ್ಗಿತು. 48 ಎಕ್ಸಿನಲ್ಲಿ ಬರೆದವು ಕಂಪ್ಯೂಟರಿನಲ್ಲಿ ಓಡಿದರೂ ಚಪ್ಪರದಲ್ಲಿ ನಿಂತುಬಿಡುತ್ತಿದ್ದವು. ಹೆಸರಿನ ಕಾಗದ ಅಂಟಿಸುವುದನ್ನು ನಮ್ಮ ಕಡೆಯ ಥಂಡಿಯಲ್ಲಿ ಯಾರೂ ಮಾಡಬಾರದು: ಅಂಚು ಎದ್ದು ಪ್ಲೇಯರಿನೊಳಗೆ ಸಿಕ್ಕಿಕೊಳ್ಳುತ್ತದೆ. ಮಾರ್ಕರ್ ಪೆನ್ನಿನಲ್ಲಿ ಬರೆದು, ನಾಲ್ಕರ ಕಟ್ಟಿಗೆ 250 ರೂಪಾಯಿ ತೆಗೆದುಕೊಳ್ಳುತ್ತೇನೆ. ಡಿಸ್ಕು, ಡಬ್ಬಿ ಕಳೆದು ನೂರೈವತ್ತರಷ್ಟು ಉಳಿಯುತ್ತದೆ, ರೈಟರಿನ ದುಡ್ಡು ಆಗಲೇ ವಾಪಸಾಗಿದೆ.