ಕಾರಿನಲ್ಲಿ ಫೋನ್ ಹಾಡು ಮೆಲ್ಲಗೆ ಕೇಳುತ್ತಿದೆಯಾ? ಸ್ಪೀಕರ್ ಬದಲಿಸುವ ಮುಂಚೆ ಇಷ್ಟು ನೋಡಿ

ಕಾರಿನ ಮ್ಯೂಸಿಕ್ ಸೆಟ್‌ನ ವಾಲ್ಯೂಮ್ 30ಕ್ಕೆ ಏರಿಸಿದರೂ ಫೋನಿನ ಹಾಡು ಯಾರೋ ಗುನುಗಿದಷ್ಟೇ ಕೇಳುತ್ತದೆ. ಬೇಜಾರಾಗಿ ರೇಡಿಯೊಗೆ ಬದಲಿಸಿದರೆ ಕಿವಿ ಗುಂಯ್ ಎನ್ನುವಷ್ಟು ಜೋರು. ಅಂಗಡಿಗೆ ಹೋದರೆ ಸಿಗುವ ಉತ್ತರ ಬಹುತೇಕ ಒಂದೇ: ‘ಸ್ಪೀಕರ್ ಹೋಗ್ಯಾವ್ರಿ ಸರ, ಹೊಸಾವು ಹಾಕಸ್ರಿ.’ ತಕ್ಷಣ ಹೂಂ ಅನ್ನಬೇಡಿ. ಅದೇ ಸ್ಪೀಕರ್‌ನಲ್ಲಿ ರೇಡಿಯೊ ಜೋರಾಗಿ ಬರುತ್ತಿದೆ ಅಲ್ವಾ? ಹಾಗಾದರೆ ಸ್ಪೀಕರ್ ಸರಿಯಾಗೇ ಇದೆ. ತೊಂದರೆ ಇರುವುದು ಫೋನಿನಲ್ಲಿ, ಇಲ್ಲವೇ ಹಾಡು ಫೋನಿನಿಂದ ಸೆಟ್‌ಗೆ ಬರುವ ದಾರಿಯಲ್ಲಿ.

ಇದನ್ನು ಖಚಿತ ಮಾಡಿಕೊಳ್ಳಲು ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ, ಇಂಜಿನ್, ಎ.ಸಿ. ಎರಡೂ ಬಂದ್ ಮಾಡಿ. ಕಲಬುರಗಿಯ ಬೇಸಿಗೆಯಲ್ಲಿ ಎ.ಸಿ. ಫ್ಯಾನ್ ಪೂರ್ತಿ ತಿರುಗುತ್ತಿರುತ್ತದೆ, ಆ ಗಾಳಿಯ ಸದ್ದೇ ಅರ್ಧ ಹಾಡು ನುಂಗುತ್ತದೆ. ಸೆಟ್‌ನ ವಾಲ್ಯೂಮ್ 15ಕ್ಕೆ ಇಟ್ಟು ಮೊದಲು ಆಕಾಶವಾಣಿ ಕೇಳಿ. ವಾಲ್ಯೂಮ್ ಮುಟ್ಟದೆ ಫೋನಿನ ಹಾಡು ಹಾಕಿ. ರೇಡಿಯೊ ಜೋರು, ಫೋನ್ ಮೆಲ್ಲಗೆ ಅಂದರೆ ಮುಂದೆ ಓದಿ. ಎರಡೂ ಮೆಲ್ಲಗಿದ್ದರೆ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಬ್ಲೂಟೂತ್‌ನಲ್ಲಿ ಎರಡು ವಾಲ್ಯೂಮ್

ಬಹಳ ಮಂದಿ ಎಡವುವುದು ಇಲ್ಲೇ. ಫೋನಿಗೊಂದು ವಾಲ್ಯೂಮ್, ಸೆಟ್‌ಗೊಂದು ವಾಲ್ಯೂಮ್. ಮೇಲಿನ ಟ್ಯಾಂಕಿನ ವಾಲ್ವ್ ಅರ್ಧ ಮುಚ್ಚಿದ್ದರೆ ಕೆಳಗಿನ ನಲ್ಲಿ ಎಷ್ಟು ತಿರುವಿದರೂ ನೀರು ಜೋರಾಗಿ ಬರುವುದಿಲ್ಲ, ಇದೂ ಹಾಗೆಯೇ. ಹಾಡು ಓಡುತ್ತಿರುವಾಗಲೇ ಫೋನಿನ ಬದಿಯ ಬಟನ್ ಒತ್ತಿ ಪೂರ್ತಿ ಏರಿಸಿ. ಹಾಡು ನಿಂತಿದ್ದಾಗ ಒತ್ತಿದರೆ ಕೆಲವು ಫೋನ್‌ಗಳಲ್ಲಿ ರಿಂಗ್‌ಟೋನ್ ಏರುತ್ತದೆ, ಹಾಡು ಇದ್ದಲ್ಲೇ ಇರುತ್ತದೆ.

ಏರಿಸಿದರೂ ಕಮ್ಮಿಯೇ? ಈಗಿನ ಆಂಡ್ರಾಯ್ಡ್ ಫೋನ್‌ಗಳು ಎರಡೂ ವಾಲ್ಯೂಮನ್ನು ಜೋಡಿಸಿ ಒಂದೇ ಮಾಡಲು ನೋಡುತ್ತವೆ. ಇದಕ್ಕೆ ಅಬ್ಸಲ್ಯೂಟ್ ವಾಲ್ಯೂಮ್ ಎನ್ನುತ್ತಾರೆ. ಕೆಲವು ಸೆಟ್‌ಗಳಿಗೆ, ಅದರಲ್ಲೂ ಹಳೆಯವಕ್ಕೆ, ಈ ಜೋಡಣೆ ಸರಿಯಾಗಿ ಕೂಡುವುದಿಲ್ಲ. ಫೋನ್ ಪೂರ್ತಿ ಏರಿದೆ ಎಂದು ತೋರಿಸಿದರೂ ಸೆಟ್‌ಗೆ ಸಿಗುವುದು ಅರ್ಧ. ಇದನ್ನು ಬಿಡಿಸಲು ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ, ಬಿಲ್ಡ್ ನಂಬರ್ ಮೇಲೆ 7 ಸಲ ಬೆರಳು ಬಡಿಯಿರಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಡಿಸೇಬಲ್ ಅಬ್ಸಲ್ಯೂಟ್ ವಾಲ್ಯೂಮ್’ ಆನ್ ಮಾಡಿ, ಬ್ಲೂಟೂತ್ ಒಮ್ಮೆ ಬಂದ್ ಮಾಡಿ ಮತ್ತೆ ಜೋಡಿಸಿ. ಆಮೇಲೆ ಫೋನಿನ ವಾಲ್ಯೂಮ್ ಪೂರ್ತಿ ಏರಿಸಿಟ್ಟು ಸೆಟ್‌ನಲ್ಲಷ್ಟೇ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಆ ಪಟ್ಟಿಯಲ್ಲಿ ಬೇರೆ ಯಾವುದನ್ನೂ ಸುಮ್ನೆ ಮುಟ್ಟಬೇಡಿ.

ಸ್ಯಾಮ್ಸಂಗ್ ಫೋನ್ ಆದರೆ ಸೌಂಡ್ ಸೆಟ್ಟಿಂಗ್ಸ್‌ನ ವಾಲ್ಯೂಮ್ ಪುಟದಲ್ಲಿ ಮೀಡಿಯಾ ವಾಲ್ಯೂಮ್ ಲಿಮಿಟ್ ಇದೆಯಾ ನೋಡಿ. ಮಕ್ಕಳ ಕಿವಿ ಚಿಂತೆಯಿಂದ ಮನೆಯಲ್ಲಿ ಯಾರೋ ಹಾಕಿಟ್ಟು ಮರೆತಿರಬಹುದು. ಐಫೋನ್‌ನದ್ದು ಇನ್ನೊಂದು ಕಥೆ. ಕಾರಿನ ಸೆಟ್ಟನ್ನೂ ಅದು ಹೆಡ್‌ಫೋನ್ ಎಂದೇ ತಿಳಿದು, ಕಿವಿ ಕಾಪಾಡುವ ನೆಪದಲ್ಲಿ ಸದ್ದು ಇಳಿಸಬಹುದು. ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಪಕ್ಕದ ‘ಐ’ ಗುರುತು ಒತ್ತಿ, ಡಿವೈಸ್ ಟೈಪ್‌ನಲ್ಲಿ ಕಾರ್ ಸ್ಟೀರಿಯೊ ಆರಿಸಿ.

ವೈರ್ ಹಾಕುವವರಿಗೆ

ಫೋನಿನ ಹೆಡ್‌ಫೋನ್ ತೂತಿನಿಂದ ಸೆಟ್‌ಗೆ ಹಾಕುವ ಆಕ್ಸ್ ವೈರ್‌ನಲ್ಲಿ ಮೊದಲ ಶತ್ರು ಧೂಳು. ತೊಗರಿ ರಾಶಿ ಕಾಲದಲ್ಲಿ ಹೊಲಕ್ಕೆ ಹೋಗಿಬರುವವರ ಫೋನಿನ ತೂತಿಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಜೇಬಿನ ನೂಲು, ಹೊಟ್ಟಿನ ಪುಡಿ ಒತ್ತಿ ಕೂತಿರುತ್ತವೆ. ಪಿನ್ ಕೂದಲೆಳೆಯಷ್ಟು ಹೊರಗೆ ಉಳಿದರೂ ಸಾಕು, ವಾದ್ಯ ಕೇಳುತ್ತದೆ, ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದಂತೆ ದೂರವಾಗುತ್ತದೆ. ಇದು ಸಾಮಾನ್ಯವಾಗಿ ಪಿನ್ ಪೂರ್ತಿ ಕೂತಿಲ್ಲ ಎನ್ನುವುದರ ಗುರುತು. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ ಬೇಡವೇ ಬೇಡ. ಆಕ್ಸ್‌ನಲ್ಲಿ ಫೋನ್ ವಾಲ್ಯೂಮ್ ತೀರಾ ತುದಿಗಿಟ್ಟರೆ ಕೆಲವು ಫೋನ್‌ಗಳಲ್ಲಿ ಸದ್ದು ಒಡೆಯುತ್ತದೆ, ಒಂದೆರಡು ಗೆರೆ ಕಮ್ಮಿ ಇಡಿ.

ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ, ಫೋನಿನ ಹಾಡನ್ನು ಸೆಟ್‌ನ ರೇಡಿಯೊಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಇಟ್ಟುಕೊಂಡವರಿಗೆ ವಾಲ್ಯೂಮ್ ಎರಡಲ್ಲ, ಮೂರು. ಅದರದ್ದೂ ಏರಿಸಿ. ಕಲಬುರಗಿಯಲ್ಲಿ ಖಾಲಿ ಇದ್ದ ಎಫ್‌ಎಂ ನಂಬರಿನಲ್ಲಿ ಹೈದರಾಬಾದ್ ಹತ್ತಿರವಾದಂತೆ ಬೇರೆ ಸ್ಟೇಷನ್ ನುಗ್ಗುತ್ತದೆ, ಆಗ ನಂಬರ್ ಬದಲಿಸದೆ ದಾರಿಯಿಲ್ಲ. ನನ್ನನ್ನು ಕೇಳಿದರೆ, ಸೆಟ್‌ನಲ್ಲಿ ಆಕ್ಸ್ ಇದ್ದವರಿಗೆ ಈ ಸಾಮಾನು ದಂಡ.

ಹಾಡಿನದೇ ತಪ್ಪಿರಬಹುದು

ಎಲ್ಲ ಹಾಡೂ ಮೆಲ್ಲಗೋ, ಕೆಲವು ಮಾತ್ರವೋ? ಶರಣಬಸವೇಶ್ವರರ ಜಾತ್ರೆಯ ಭಜನೆ, ಬಂದೇ ನವಾಜ್ ದರ್ಗಾದ ಉರುಸಿನ ಕವ್ವಾಲಿ ಅಂತ ಯಾರೋ ದೂರದಿಂದ ಮೊಬೈಲಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಬಿಟ್ಟಿದ್ದು ಯಾವ ಸೆಟ್‌ನಲ್ಲೂ ಮೆಲ್ಲಗೇ ಬರುತ್ತದೆ. ಸ್ಪಾಟಿಫೈ ಬಳಸುವವರು ಅದರ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಲೆವೆಲ್ ‘ಕ್ವಯಟ್’ ಆಗಿದ್ದರೆ ‘ನಾರ್ಮಲ್’ ಮಾಡಿಕೊಳ್ಳಿ.

ಇಷ್ಟಾದ ಮೇಲೆ ಸೆಟ್‌ನ ಮೆನು ನೋಡಿ. ಅನೇಕ ಸೆಟ್‌ಗಳಲ್ಲಿ ರೇಡಿಯೊ, ಬ್ಲೂಟೂತ್, ಆಕ್ಸ್ ಒಂದೊಂದಕ್ಕೂ ಬೇರೆ ಬೇರೆ ಮಟ್ಟ ಇಡಬಹುದು. ಸೋರ್ಸ್ ಲೆವೆಲ್ ಅಂತಲೋ ಇನ್‌ಪುಟ್ ಲೆವೆಲ್ ಅಂತಲೋ ಇರುತ್ತದೆ. ಬ್ಲೂಟೂತ್‌ನದ್ದು ಏರಿಸಿದರೆ ಅರ್ಧ ಜಗಳ ಮುಗಿಯಿತು. ಮ್ಯಾಪ್ ದಾರಿ ಹೇಳುವಾಗ, ರಿವರ್ಸ್ ಗೇರ್ ಹಾಕಿದಾಗ ಹಾಡು ತಗ್ಗಿದರೆ ಗಾಬರಿ ಬೇಡ, ಹಾಗೆಯೇ ಮಾಡಿರುತ್ತಾರೆ.

ರೇಡಿಯೊನೂ ಮೆಲ್ಲಗಿದ್ದರೆ

ಆಗ ಸ್ಪೀಕರ್ ಕಡೆ ಬನ್ನಿ. ಬ್ಯಾಲೆನ್ಸ್, ಫೇಡರ್ ನಡುವೆ ಇವೆಯಾ ನೋಡಿ. ಫೇಡರನ್ನು ಮುಂದೆ, ಹಿಂದೆ, ಬ್ಯಾಲೆನ್ಸನ್ನು ಎಡಕ್ಕೆ, ಬಲಕ್ಕೆ ತಳ್ಳಿ ಒಂದೊಂದೇ ಸ್ಪೀಕರ್ ಕೇಳಿ. ಒಂದು ಬಾಗಿಲು ಮೌನವಾಗಿದ್ದರೆ ವೈರ್ ಬಿಟ್ಟಿರಬಹುದು, ಕರಕರ ಅಂದರೆ ಸ್ಪೀಕರ್‌ನ ಮುಂದಿನ ಬಟ್ಟಲಿನಂಥ ಕೋನ್ ಹರಿದಿರಬಹುದು. ಎಲ್ಲವೂ ಸದ್ದು ಮಾಡುತ್ತಿದ್ದು ಬೇಸ್, ಅಂದರೆ ಧಂ ಧಂ ಎನ್ನುವ ದಪ್ಪ ಸದ್ದು ಮಾತ್ರ ಮಾಯವಾಗಿದ್ದರೆ ಎಲ್ಲೋ ಒಂದು ಕಡೆ ಪ್ಲಸ್, ಮೈನಸ್ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಆಗ ಎರಡು ಸ್ಪೀಕರ್ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತವೆ. ವೈರ್ ತಿರುಗಿಸಿ ಹಾಕಿದರೆ ಆಯಿತು.

ಸ್ಪೀಕರ್ ನಿಜಕ್ಕೂ ಹೋಗಿದ್ದರೆ, ಡಬ್ಬಿಯ ಮೇಲಿನ ದೊಡ್ಡ ವ್ಯಾಟ್ ನಂಬರಿಗೆ ಮರುಳಾಗಬೇಡಿ. ಸೆಟ್ ಮೇಲೆ 50 ವ್ಯಾಟ್ ಅಂತ ಬರೆದಿದ್ದರೂ ಒಂದು ಸ್ಪೀಕರ್‌ಗೆ ಒಂದೇ ಸಮ ಸಿಗುವುದು ಸಾಮಾನ್ಯವಾಗಿ 20 ವ್ಯಾಟ್ ಆಸುಪಾಸು. ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರ್‌ಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎನ್ನುವ ಅಳತೆ. ಅಲ್ಲಿ 3 ಡೆಸಿಬಲ್ ಜಾಸ್ತಿ ಇದ್ದರೆ ಅರ್ಧ ಪವರ್‌ನಲ್ಲೇ ಅಷ್ಟೇ ಸದ್ದು ಬರುತ್ತದೆ. ಸ್ಪೀಕರ್‌ನ ರೋಧದ ಅಳತೆ ಓಮ್, ಹಳೆಯದು 4 ಓಮ್ ಇದ್ದರೆ ಹೊಸದೂ 4 ಓಮ್ ಇರಲಿ. ಬಾಗಿಲಿನ ಪ್ಯಾನೆಲ್ ಬಿಚ್ಚುವ ಹುಡುಗನಿಗೆ ಹಳೆಯ ವೈರ್ ಕೀಳುವ ಮುಂಚೆಯೇ ಪ್ಲಸ್ ಕಡೆ ಟೇಪ್ ಸುತ್ತಲು ಹೇಳಿ.